ಕೊಲೆಸ್ಟರಾಲ್: ಪಿತ್ತದ ಕಲ್ಲಿನಿಂದ ಹೃದಯದ ನಾಳದವರೆಗೆ

"ಆ ಮನೆಯ ಗಂಡಸರಿಗೆ ಆಯುಷ್ಯ ಕಡಿಮೆ" ಎಂಬ ಮಾತನ್ನು ನಮ್ಮ ಊರುಗಳಲ್ಲಿ ಕೇಳದವರಿಲ್ಲ. ಅಜ್ಜ ನಲವತ್ತೈದಕ್ಕೆ ಹೋದರು, ದೊಡ್ಡಪ್ಪ ಐವತ್ತು ಮುಟ್ಟಲಿಲ್ಲ, ತಂದೆ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ಎದೆ ಹಿಡಿದುಕೊಂಡು ಕುಸಿದರು ಎಂದು ಒಬ್ಬೊಬ್ಬರದೇ ಲೆಕ್ಕ ಹೇಳಿ, ಕೊನೆಗೆ "ವಿಧಿ" ಎಂದು ಮಾತು ಮುಗಿಸುತ್ತೇವೆ. ಅರವತ್ತು ದಾಟಿದವರ ವಿಷಯ ಬಂದರೆ ಅಷ್ಟೂ ಹೇಳುವುದಿಲ್ಲ. "ವಯಸ್ಸಾಯಿತಲ್ಲ, ರಕ್ತನಾಳ ಗಟ್ಟಿಯಾಗದೆ ಇರುತ್ತದೆಯೇ" ಎನ್ನುತ್ತೇವೆ. ಇದಕ್ಕಾಗಿ ನಾವು ಬಹಳ ನಾಚಿಕೊಳ್ಳಬೇಕಾದದ್ದಿಲ್ಲ. ಕಳೆದ ಶತಮಾನದ ಮಧ್ಯದವರೆಗೆ ಯುರೋಪ್, ಅಮೆರಿಕಗಳ ದೊಡ್ಡ ದೊಡ್ಡ ವೈದ್ಯರಲ್ಲಿ ಅನೇಕರು ಹೆಚ್ಚುಕಡಿಮೆ ಇದನ್ನೇ ಹೇಳುತ್ತಿದ್ದರು. ಅವರು ಆ ಮಾತನ್ನು ಹೇಗೆ ಬಿಟ್ಟರು, ಬಿಡಲು ಏಕೆ ಅಷ್ಟು ಕಾಲ ಹಿಡಿಯಿತು ಎಂಬುದೇ ಕೊಲೆಸ್ಟರಾಲ್ ಎಂಬ ವಸ್ತುವಿನ ಚರಿತ್ರೆ. ವಿಜ್ಞಾನ ಓದುವ ನಮ್ಮ ವಿದ್ಯಾರ್ಥಿಗಳಿಗೂ, ರಕ್ತ ಪರೀಕ್ಷೆಯ ವರದಿಯನ್ನು ಕೈಯಲ್ಲಿ ಹಿಡಿದು ಗಾಬರಿಯಾಗುವ ಹಿರಿಯರಿಗೂ ಅದು ತಿಳಿದಿರುವುದು ಒಳ್ಳೆಯದು.

ಚರಿತ್ರೆ ಆರಂಭವಾಗುವುದು ಹೃದಯದಿಂದಲ್ಲ, ಪಿತ್ತಕೋಶದ ಕಲ್ಲಿನಿಂದ. 1769ರ ಸುಮಾರಿಗೆ ಪೂಲೆತಿಯೇ ದ ಲಾ ಸಾಲ್ ಎಂಬ ಫ್ರೆಂಚ್ ವೈದ್ಯ ಪಿತ್ತದ ಕಲ್ಲುಗಳಿಂದ ಬಿಳಿಯ, ಮೇಣದಂತಹ ಒಂದು ವಸ್ತುವನ್ನು ಬೇರ್ಪಡಿಸಿದ. 1815ರಲ್ಲಿ ಅದೇ ದೇಶದ ರಸಾಯನಶಾಸ್ತ್ರಜ್ಞ ಮಿಶೆಲ್ ಶೆವ್ರಲ್ ಅದನ್ನು ಮತ್ತೆ ಪರೀಕ್ಷಿಸಿ, ಇದು ಸಾಬೂನಾಗದ ವಸ್ತು, ಸಾಮಾನ್ಯ ಕೊಬ್ಬಿಗಿಂತ ಬೇರೆ ಎಂದು ತೋರಿಸಿದ. ಗ್ರೀಕ್ ಭಾಷೆಯಲ್ಲಿ 'ಕೋಲೆ' ಎಂದರೆ ಪಿತ್ತ, 'ಸ್ಟೆರಿಯೋಸ್' ಎಂದರೆ ಗಟ್ಟಿ; ಇವೆರಡನ್ನೂ ಸೇರಿಸಿ ಅವನೇ ಹೆಸರಿಟ್ಟ. (ಕೊಲೆಸ್ಟರಾಲಿಗೆ ನಾಮಕರಣ ಮಾಡಿದ ಈ ಶೆವ್ರಲ್ 102 ವರ್ಷ ಬದುಕಿದ್ದ ಎಂಬುದು ಒಂದು ತಮಾಷೆ.) ನಂತರ ಈ ವಸ್ತು ರಕ್ತದಲ್ಲೂ ಇದೆ, ಮಿದುಳಿನಲ್ಲೂ ಇದೆ, ಮೊಟ್ಟೆಯ ಹಳದಿಯಲ್ಲೂ ಇದೆ ಎಂದು ಒಂದೊಂದಾಗಿ ತಿಳಿಯುತ್ತಾ ಹೋಯಿತು.

ಹಾಗಾದರೆ ಅದು ವಿಷವೇ? ಖಂಡಿತ ಅಲ್ಲ. ನಮ್ಮ ದೇಹದ ಪ್ರತಿಯೊಂದು ಜೀವಕೋಶದ ಪೊರೆಗೂ ಅದು ಬೇಕು. ಪಿತ್ತರಸದ ಆಮ್ಲಗಳು, ಹಲವು ಹಾರ್ಮೋನುಗಳು, ಚರ್ಮದಲ್ಲಿ ಬಿಸಿಲಿನಿಂದ ತಯಾರಾಗುವ ಡಿ ಜೀವಸತ್ವ, ಇವೆಲ್ಲವೂ ಆಗುವುದು ಅದೇ ಜಾಡಿನ ಕಚ್ಚಾವಸ್ತುವಿನಿಂದ. ಆದ್ದರಿಂದಲೇ ದೇಹ ಆಹಾರದ ದಾರಿ ಕಾಯದೆ ತಾನೇ ಅದನ್ನು ತಯಾರಿಸಿಕೊಳ್ಳುತ್ತದೆ. ಈ ತಯಾರಿಕೆಯಲ್ಲಿ ಪಿತ್ತಜನಕಾಂಗದ, ಅಂದರೆ ಲಿವರಿನ ಪಾಲು ಬಹಳ ದೊಡ್ಡದು. ಒಂದು ತುಣುಕು ಕೊಬ್ಬನ್ನೂ ತಿನ್ನದವನ ರಕ್ತದಲ್ಲೂ ಕೊಲೆಸ್ಟರಾಲ್ ಇರುತ್ತದೆ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭವಾಗುತ್ತದೆ.

ರಕ್ತನಾಳದ ಕಾಯಿಲೆಗೂ ಇದಕ್ಕೂ ನಂಟು ಇರಬಹುದೆಂಬ ಸೂಚನೆ ಬೇಗನೆ ಸಿಕ್ಕಿತ್ತು. 1843ರಲ್ಲಿ ಯೂಲಿಯುಸ್ ಫೋಗೆಲ್ ಎಂಬ ಜರ್ಮನ್ ವಿಜ್ಞಾನಿ ಕೆಟ್ಟ ಅಪಧಮನಿಗಳ ಗೋಡೆಯಲ್ಲಿ ಕೊಲೆಸ್ಟರಾಲನ್ನು ಗುರುತಿಸಿದ್ದ. 1910ರಲ್ಲಿ ಅಡಾಲ್ಫ್ ವಿಂಡೌಸ್ ಅಳೆದೇ ನೋಡಿದ: ಮಹಾಪಧಮನಿಯ ಗೋಡೆಯಲ್ಲಿ ಕೆಟ್ಟುಹೋದ ಜಾಗದಲ್ಲಿ ಆರೋಗ್ಯವಂತ ಗೋಡೆಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಕೊಲೆಸ್ಟರಾಲ್ ಇತ್ತು. ಆದರೆ ಕಳ್ಳತನವಾದ ಮನೆಯಲ್ಲಿ ಕಂಡವರೆಲ್ಲ ಕಳ್ಳರಲ್ಲ. ಗೋಡೆ ಮೊದಲು ಕೆಟ್ಟು, ಆಮೇಲೆ ಅಲ್ಲಿ ಕೊಲೆಸ್ಟರಾಲ್ ಸೇರಿಕೊಂಡಿರಬಹುದಲ್ಲ? ವಯಸ್ಸಾದ ಗೋಡೆಗೆ ಪಾಚಿ ಹಿಡಿಯುವ ಹಾಗೆ? ಹೆಚ್ಚಿನ ವೈದ್ಯರು ಹಾಗೆಯೇ ತಿಳಿದಿದ್ದರು.

ಇದಕ್ಕೆ ಉತ್ತರ ಬಂದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಸೈನಿಕ ವೈದ್ಯಕೀಯ ಅಕಾಡೆಮಿಯಿಂದ, ಮೊಲಗಳ ಮೂಲಕ. 1908ರಲ್ಲಿ ಅಲ್ಲಿಯ ಇಗ್ನಾಟೋವ್ಸ್ಕಿ ಮೊಲಗಳಿಗೆ ಮಾಂಸ, ಹಾಲು, ಮೊಟ್ಟೆ ತಿನ್ನಿಸಿದಾಗ ಅವುಗಳ ರಕ್ತನಾಳ ಕೆಟ್ಟಿತು. ಮಾಂಸದ ಪ್ರೋಟೀನು ಮುಪ್ಪನ್ನು ಬೇಗ ತರುತ್ತದೆ ಎಂದು ಅವನು ಅರ್ಥ ಮಾಡಿದ. ಅವನ ನಂತರ ಬಂದವರು ಮೊಟ್ಟೆಯ ಬಿಳಿಯನ್ನೂ ಹಳದಿಯನ್ನೂ ಬೇರೆ ಬೇರೆ ಕೊಟ್ಟು ನೋಡಿದರು. ಬಿಳಿಯಿಂದ ಏನೂ ಆಗಲಿಲ್ಲ, ಹಳದಿಯಿಂದ ಆಯಿತು. 1913ರಲ್ಲಿ ನಿಕೊಲಾಯ್ ಅನಿಚ್ಕೋವ್ ಮತ್ತು ಅವನ ಕಿರಿಯ ಸಹೋದ್ಯೋಗಿ ಖಲಾಟೋವ್ ಕೊನೆಯ ಹೆಜ್ಜೆ ಇಟ್ಟರು. ಶುದ್ಧ ಕೊಲೆಸ್ಟರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ಕೆಲವು ಮೊಲಗಳಿಗೆ ಕೊಟ್ಟರು. ಇನ್ನು ಕೆಲವಕ್ಕೆ ಬರೀ ಎಣ್ಣೆ. ಎಣ್ಣೆ ಕುಡಿದ ಮೊಲಗಳಿಗೆ ಏನೂ ಆಗಲಿಲ್ಲ. ಕೊಲೆಸ್ಟರಾಲ್ ಕುಡಿದ ಮೊಲಗಳ ಅಪಧಮನಿಯಲ್ಲಿ ಮನುಷ್ಯರಲ್ಲಿ ಕಾಣುವಂತಹ ಗಾಯಗಳು ಎದ್ದವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೋಡೆಯೊಳಗೆ ಕೊಬ್ಬನ್ನು ನುಂಗಿ ನೊರೆಯಂತೆ ಉಬ್ಬಿದ ಜೀವಕೋಶಗಳು. ಆಗ ಅನಿಚ್ಕೋವ್‌ನ ವಯಸ್ಸು 28.

ನಮ್ಮ ಪ್ರೌಢಶಾಲೆಯ ವಿದ್ಯಾರ್ಥಿಗಳು ಈ ಪ್ರಯೋಗವನ್ನು ಒಮ್ಮೆ ಕುಳಿತು ಯೋಚಿಸಬೇಕು. ಎರಡು ಗುಂಪು, ಎರಡಕ್ಕೂ ಒಂದೇ ಎಣ್ಣೆ, ವ್ಯತ್ಯಾಸ ಒಂದೇ ಒಂದು. ಇಷ್ಟು ಸರಳವಾದ ಕೆಲಸವನ್ನು ಜಗತ್ತು ಸುಮಾರು ನಲವತ್ತು ವರ್ಷ ಪಕ್ಕಕ್ಕಿಟ್ಟಿತು. ಏಕೆಂದರೆ ಬೇರೆ ಪ್ರಯೋಗಾಲಯಗಳವರು ಇದನ್ನೇ ಇಲಿಗಳಲ್ಲೂ ನಾಯಿಗಳಲ್ಲೂ ಮಾಡಿ ನೋಡಿದಾಗ ಏನೂ ಆಗಲಿಲ್ಲ. ಮೊಲ ಸೊಪ್ಪು ತಿನ್ನುವ ಪ್ರಾಣಿ, ಅದಕ್ಕೆ ಒಗ್ಗದ ಆಹಾರ ಕೊಟ್ಟರೆ ಕಾಯಿಲೆ ಬರುವುದು ಸಹಜ, ಮನುಷ್ಯನಿಗೂ ಅದಕ್ಕೂ ಏನು ಸಂಬಂಧ ಎಂದು ತಳ್ಳಿಹಾಕಿದರು. ನಿಜವಾದ ಕಾರಣ ಆಮೇಲೆ ತಿಳಿಯಿತು. ಇಲಿಯೂ ನಾಯಿಯೂ ಹೆಚ್ಚಾದ ಕೊಲೆಸ್ಟರಾಲನ್ನು ಬೇಗನೆ ಪಿತ್ತದ ಆಮ್ಲವಾಗಿ ಬದಲಿಸಿ ಹೊರಗೆ ಹಾಕುತ್ತವೆ. ಅವುಗಳ ರಕ್ತದಲ್ಲಿ ಅದು ಏರುವುದೇ ಇಲ್ಲ. ರಕ್ತದಲ್ಲಿ ಏರದಿದ್ದರೆ ನಾಳಕ್ಕೆ ಹಾನಿ ಎಲ್ಲಿಂದ? 1946ರಲ್ಲಿ ನಾಯಿಗಳ ಥೈರಾಯ್ಡ್ ಕೆಲಸವನ್ನು ಔಷಧಿಯಿಂದ ಕುಗ್ಗಿಸಿ, ರಕ್ತದ ಕೊಲೆಸ್ಟರಾಲ್ ಏರುವಂತೆ ಮಾಡಿದಾಗ ನಾಯಿಗಳಿಗೂ ಅದೇ ಕಾಯಿಲೆ ಬಂತು. ಇಲಿ ವಿಜ್ಞಾನಿಗಳನ್ನು ದಾರಿ ತಪ್ಪಿಸಿದ್ದು ಇದು ಮೊದಲ ಸಲ. ಎರಡನೆಯ ಸಲದ ಕಥೆ ಮುಂದೆ ಬರುತ್ತದೆ.

ವಯಸ್ಸಿನ ವಾದಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ಕೊರಿಯಾ ಯುದ್ಧದಲ್ಲಿ. ಅಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವರದಿ 1953ರಲ್ಲಿ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 22. ಮದುವೆಯೂ ಆಗದ ಹುಡುಗರು. ಅವರಲ್ಲಿ ನೂರಕ್ಕೆ 77 ಮಂದಿಯ ಹೃದಯದ ನಾಳಗಳಲ್ಲಿ ಕಾಯಿಲೆಯ ಗುರುತು ಕಣ್ಣಿಗೆ ಕಾಣುವಂತೆ ಇತ್ತು. ಇದು ಮುಪ್ಪು ಎಂದು ಯಾರು ಹೇಳಿಯಾರು? ಅದೇ ಕಾಲಕ್ಕೆ ಕ್ಯಾಲಿಫೋರ್ನಿಯಾದ ಜಾನ್ ಗಾಫ್ಮನ್ ರಕ್ತವನ್ನು ಅತಿವೇಗದ ಯಂತ್ರದಲ್ಲಿ ತಿರುಗಿಸಿ, ಕೊಲೆಸ್ಟರಾಲ್ ರಕ್ತದಲ್ಲಿ ಒಂಟಿಯಾಗಿ ಓಡಾಡುವುದಿಲ್ಲ, ಪ್ರೋಟೀನಿನ ಹೊದಿಕೆಯಿರುವ ಸಣ್ಣ ಸಣ್ಣ ಪೊಟ್ಟಣಗಳಲ್ಲಿ ಸಾಗುತ್ತದೆ ಎಂಬುದನ್ನು ವಿಂಗಡಿಸಿ ತೋರಿಸಿದ. ಇಂದು ವರದಿಯಲ್ಲಿ ಎಲ್‌ಡಿಎಲ್, ಎಚ್‌ಡಿಎಲ್ ಎಂದು ನಾವು ಓದುವುದು ಈ ಪೊಟ್ಟಣಗಳ ಹೆಸರು. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣದಲ್ಲಿ 5,209 ಮಂದಿಯನ್ನು ವರ್ಷ ವರ್ಷ ಹಿಂಬಾಲಿಸುವ ಅಧ್ಯಯನ ಆರಂಭವಾಗಿತ್ತು. ರಕ್ತದೊತ್ತಡ ಮತ್ತು ಕೊಲೆಸ್ಟರಾಲ್ ಹೆಚ್ಚಿದ್ದವರಿಗೆ ಹೃದ್ರೋಗ ಹೆಚ್ಚು ಎಂದು 1961ರಲ್ಲಿ ಅದು ಹೇಳಿತು. 1958ರಿಂದ ಏಳು ದೇಶಗಳನ್ನು ಹೋಲಿಸಿದ ಆನ್ಸೆಲ್ ಕೀಸ್‌ನ ಅಧ್ಯಯನವೂ ಆಹಾರದ ಕೊಬ್ಬಿನತ್ತ ಬೆರಳು ತೋರಿಸಿತು. ದೇಶಗಳ ಆಯ್ಕೆಯ ಬಗ್ಗೆ ಕೀಸ್‌ನನ್ನು ಇಂದಿಗೂ ಟೀಕಿಸುವವರಿದ್ದಾರೆ. ಆ ಟೀಕೆಯಲ್ಲಿ ಹುರುಳೂ ಇದೆ. ದೇಶ ದೇಶಗಳ ಹೋಲಿಕೆಯೊಂದರಿಂದಲೇ ಕಾರಣವನ್ನು ಸಿದ್ಧಪಡಿಸಲು ಆಗುವುದಿಲ್ಲ.

ನಿಜವಾದ ಸಾಕ್ಷಿ ಸಿಕ್ಕಿದ್ದು ಕೆಲವು ಕುಟುಂಬಗಳಲ್ಲಿ. ಈ ಲೇಖನದ ಆರಂಭದಲ್ಲಿ ಹೇಳಿದಂತಹ, "ಆಯುಷ್ಯ ಕಡಿಮೆ" ಎಂದು ಹೆಸರು ಪಡೆದ ಕುಟುಂಬಗಳಲ್ಲಿ.

1938ರಲ್ಲಿ ನಾರ್ವೆಯ ಓಸ್ಲೋದಲ್ಲಿ ಕಾರ್ಲ್ ಮುಲ್ಲರ್ ಎಂಬ ವೈದ್ಯ 17 ಕುಟುಂಬಗಳ ವಿವರ ಪ್ರಕಟಿಸಿದ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿನಲ್ಲಿ, ಮೊಣಕೈಯಲ್ಲಿ, ಬೆರಳ ಗಂಟುಗಳಲ್ಲಿ ಹಳದಿ ಬಣ್ಣದ ಗಡ್ಡೆಗಳು. ರಕ್ತದಲ್ಲಿ ಕೊಲೆಸ್ಟರಾಲ್ ಹೆಚ್ಚು. ಚಿಕ್ಕ ವಯಸ್ಸಿಗೇ ಹೃದಯದ ನೋವು. ಮೂರೂ ಒಟ್ಟೊಟ್ಟಿಗೆ ತಂದೆತಾಯಿಯಿಂದ ಮಕ್ಕಳಿಗೆ ಇಳಿಯುತ್ತಿದ್ದವು. 1964ರಲ್ಲಿ ಲೆಬನಾನಿನ ರಾಜಧಾನಿ ಬೈರೂತ್‌ನ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ಅವೇದಿಸ್ ಖಚಾದೂರಿಯನ್ ಇದರ ಗಂಟನ್ನು ಬಿಡಿಸಿದ. ಸಂಬಂಧಿಕರೊಳಗೆ ಮದುವೆಯಾಗುವ ರೂಢಿಯಿದ್ದ ಆ ನಾಡಿನ ಕುಟುಂಬಗಳಲ್ಲಿ ಅವನಿಗೆ ಮೂರು ಬಗೆಯ ಮಂದಿ ಸಿಕ್ಕರು. ಮೊದಲನೆಯವರು ಸಾಮಾನ್ಯ. ಎರಡನೆಯವರ ಕೊಲೆಸ್ಟರಾಲ್ ಸುಮಾರು ಎರಡು ಪಟ್ಟು. ಮೂರನೆಯವರು ಮಕ್ಕಳು; ಅವರದು ನಾಲ್ಕು ಪಟ್ಟು, ಹುಟ್ಟಿದ ಕೆಲವೇ ವರ್ಷಗಳಲ್ಲಿ ಚರ್ಮದ ಮೇಲೆ ಹಳದಿ ಗಡ್ಡೆ. ಇಂತಹ ಮಕ್ಕಳಿಗೆ ಚಿಕಿತ್ಸೆ ಸಿಗದಿದ್ದರೆ ಬಹಳ ಮಂದಿ ಇಪ್ಪತ್ತು ತುಂಬುವ ಮೊದಲೇ ಹೃದಯಾಘಾತದಿಂದ ಸಾಯುತ್ತಾರೆ. ಒಂದೇ ಒಂದು ಜೀನಿನ ದೋಷ ಇದು. ಒಬ್ಬರಿಂದ ಬಂದರೆ ಎರಡು ಪಟ್ಟು, ತಂದೆ ತಾಯಿ ಇಬ್ಬರಿಂದಲೂ ಬಂದರೆ ನಾಲ್ಕು ಪಟ್ಟು ಎಂದು ಖಚಾದೂರಿಯನ್ ತೋರಿಸಿದ.

ಇಲ್ಲಿ ನಮ್ಮ ನಾಡಿನ ಮಾತನ್ನೂ ಹೇಳಲೇಬೇಕು. ಕರ್ನಾಟಕದಲ್ಲಿ ಹತ್ತಿರದ ಸಂಬಂಧದೊಳಗಿನ ಮದುವೆ ಯಾವ ಒಂದು ಸಮುದಾಯದ್ದೂ ಅಲ್ಲ. ಕೆಲವರಲ್ಲಿ ಸೋದರಮಾವ ಮತ್ತು ಅಕ್ಕನ ಮಗಳು, ಕೆಲವರಲ್ಲಿ ಅತ್ತೆಯ ಮಗ ಮತ್ತು ಮಾವನ ಮಗಳು, ನಮ್ಮಲ್ಲಿ ಚಿಕ್ಕಪ್ಪ, ದೊಡ್ಡಪ್ಪನ ಮಕ್ಕಳ ನಡುವೆಯೂ ಆಗುತ್ತದೆ. ಇಂತಹ ಮದುವೆಗಳೆಲ್ಲ ಕೆಟ್ಟವೆಂದು ಹೇಳಲು ನಾನು ಹೊರಟಿಲ್ಲ. ಆದರೆ ಒಂದೇ ಅಜ್ಜನ ದೋಷ ಇಬ್ಬರಲ್ಲೂ ಇರುವ ಸಾಧ್ಯತೆ ಇಂತಹ ಕಡೆ ಹೆಚ್ಚು. ಇಬ್ಬರಲ್ಲೂ ಇದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಮಗುವಿನ ಮೊಣಕೈಯ ಹಳದಿ ಗಡ್ಡೆಯನ್ನು ಚರ್ಮದ ರೋಗವೆಂದು ತಿಳಿದು ಮುಲಾಮು ಹಚ್ಚುತ್ತಾ ವರ್ಷಗಳನ್ನು ಕಳೆದ ಮನೆಯೊಂದನ್ನು ನಾನು ಬಲ್ಲೆ. ಯಾರೂ ಆ ಮಗುವಿನ ರಕ್ತ ಪರೀಕ್ಷೆ ಮಾಡಿಸಿರಲಿಲ್ಲ. ಮಗುವಿಗೆ ಕೊಲೆಸ್ಟರಾಲ್ ಇರುತ್ತದೆಯೇ ಎಂದು ಮನೆಯವರು ನನ್ನನ್ನೇ ಕೇಳಿದ್ದರು.

ಆ ಜೀನು ಮಾಡುವ ಕೆಲಸವೇನು ಎಂಬುದನ್ನು ಕಂಡುಹಿಡಿದವರು ಅಮೆರಿಕದ ಡಲ್ಲಾಸ್ ನಗರದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್. ತರುಣ ವೈದ್ಯರಾಗಿದ್ದಾಗ ಅವರು ಇದೇ ಕಾಯಿಲೆಯ ಅಕ್ಕತಮ್ಮಂದಿರಂತಹ ಪುಟ್ಟ ಮಕ್ಕಳನ್ನು ನೋಡಿದ್ದರು. ಹತ್ತು ವರ್ಷವೂ ತುಂಬದವರಿಗೆ ಮುದುಕರ ಹೃದಯ ಹೇಗೆ ಬಂತು ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ರೋಗಿಗಳ ಚರ್ಮದ ಜೀವಕೋಶಗಳನ್ನು ಬೆಳೆಸಿ 1973 ಮತ್ತು 1974ರಲ್ಲಿ ಅವರು ಕಂಡದ್ದು ಇದು: ಜೀವಕೋಶದ ಮೇಲೆ ಎಲ್‌ಡಿಎಲ್ ಪೊಟ್ಟಣವನ್ನು ಹಿಡಿದು ಒಳಗೆ ಎಳೆದುಕೊಳ್ಳುವ ಬಾಗಿಲುಗಳಿವೆ. ಪೊಟ್ಟಣ ಒಳಗೆ ಬಂದ ಕೂಡಲೇ ಜೀವಕೋಶ ತಾನು ತಯಾರಿಸುವುದನ್ನು ನಿಲ್ಲಿಸುತ್ತದೆ. ಈ ಮಕ್ಕಳಲ್ಲಿ ಬಾಗಿಲುಗಳೇ ಇಲ್ಲ, ಅಥವಾ ಕೆಟ್ಟಿವೆ. ಹೊರಗೆ ರಕ್ತದಲ್ಲಿ ಪೊಟ್ಟಣಗಳು ರಾಶಿ ಬೀಳುತ್ತವೆ. ಒಳಗೆ ಕೊರತೆಯೆಂದು ತಿಳಿದ ಜೀವಕೋಶ ಇನ್ನಷ್ಟು ತಯಾರಿಸುತ್ತದೆ. 1985ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದರ ಹಿಂದಿನ ವರ್ಷ, 1984ರಲ್ಲಿ, ಟೆಕ್ಸಾಸಿನ ಆರು ವರ್ಷದ ಹುಡುಗಿಯೊಬ್ಬಳಿಗೆ ಪಿಟ್ಸ್‌ಬರ್ಗ್‌ನಲ್ಲಿ ಹೃದಯದೊಂದಿಗೆ ಲಿವರನ್ನೂ ಬದಲಿಸಿ ಹಾಕಿದರು. ಹೊಸ ಲಿವರಿನಲ್ಲಿ ಬಾಗಿಲುಗಳಿದ್ದವು; ಸಾವಿರದ ಮೇಲಿದ್ದ ಅವಳ ಕೊಲೆಸ್ಟರಾಲ್ ಮೂರನೇ ಒಂದು ಪಾಲಿನ ಹತ್ತಿರಕ್ಕೆ ಇಳಿಯಿತು.

ಸಾಮಾನ್ಯವಾಗಿ ನಾವು ರಕ್ತನಾಳದ ತಡೆಯನ್ನು ನಲ್ಲಿಯ ಪೈಪಿನಲ್ಲಿ ಕಟ್ಟಿದ ಕೊಳೆಯಂತೆ ಊಹಿಸಿಕೊಳ್ಳುತ್ತೇವೆ. ಅದು ಸರಿಯಲ್ಲ. ಎಲ್‌ಡಿಎಲ್ ಹೋಗಿ ಸೇರುವುದು ನಾಳದ ಗೋಡೆಯೊಳಗೆ. ಅಲ್ಲಿ ಅದನ್ನು ನುಂಗಲು ಬಿಳಿ ರಕ್ತಕಣಗಳು ಬಂದು, ನುಂಗಿ ಉಬ್ಬಿ, ಅಲ್ಲೇ ಸಾಯುತ್ತವೆ, ಉರಿಯೂತವಾಗುತ್ತದೆ, ಮೇಲೆ ತೆಳುವಾದ ಒಂದು ಮುಚ್ಚಳ ಕಟ್ಟುತ್ತದೆ. ಅನಿಚ್ಕೋವ್ ಮೊಲಗಳಲ್ಲಿ ನೋಡಿದ ನೊರೆಯ ಜೀವಕೋಶಗಳು ಇವೇ. ಒಂದು ದಿನ ಮುಚ್ಚಳ ಹರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ನಿಮಿಷಗಳಲ್ಲಿ ಮುಚ್ಚಿಹೋಗುತ್ತದೆ. ನಿನ್ನೆ ಸಂಜೆ ನಡೆದಾಡಿಕೊಂಡು ಇದ್ದವರು ಇಂದು ಬೆಳಿಗ್ಗೆ ಹೋದರು ಎಂದು ನಾವು ಆಶ್ಚರ್ಯಪಡುವುದು ಇದರಿಂದ. ನಿಜಕ್ಕೂ ಅದು ಹತ್ತಾರು ವರ್ಷಗಳಿಂದ ಸದ್ದಿಲ್ಲದೆ ನಡೆದು ಬಂದದ್ದು. ಕೊಲೆಸ್ಟರಾಲ್ ಎಷ್ಟಿದೆ ಎಂಬುದರಷ್ಟೇ ಎಷ್ಟು ವರ್ಷದಿಂದ ಇದೆ ಎಂಬುದೂ ಮುಖ್ಯ. ಸಿಗರೇಟು, ಬೀಡಿ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಜೊತೆಗೂಡಿದರೆ ಈ ಕೆಲಸ ಬೇಗ ಆಗುತ್ತದೆ.

ಇನ್ನು ಔಷಧಿಯ ಕಥೆ. ಜಪಾನಿನ ಅಕಿತಾ ಪ್ರಾಂತ್ಯದ ರೈತ ಕುಟುಂಬದಲ್ಲಿ 1933ರಲ್ಲಿ ಹುಟ್ಟಿದ ಅಕಿರಾ ಎಂಡೋ, ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್‌ನನ್ನು ಮೆಚ್ಚಿ ಬೆಳೆದವನು. ಬೂಷ್ಟುಗಳು ಬ್ಯಾಕ್ಟೀರಿಯಾವನ್ನು ಕೊಲ್ಲುವ ರಸ ತಯಾರಿಸುವುದಾದರೆ, ಕೊಲೆಸ್ಟರಾಲ್ ತಯಾರಿಕೆಯನ್ನು ತಡೆಯುವ ರಸವನ್ನೂ ಯಾವುದಾದರೂ ಬೂಷ್ಟು ತಯಾರಿಸುತ್ತಿರಬಹುದು ಎಂಬುದು ಅವನ ಊಹೆ. ಟೋಕಿಯೋದ ಔಷಧಿ ಕಂಪನಿಯೊಂದರಲ್ಲಿ 1971ರಿಂದ ಎರಡು ವರ್ಷ ಸುಮಾರು 6,000 ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಿದ. ಕೊನೆಗೆ ಸಿಕ್ಕಿದ್ದು ಕ್ಯೋಟೋದ ಧಾನ್ಯದ ಅಂಗಡಿಯ ಅಕ್ಕಿಯಲ್ಲಿದ್ದ ನೀಲಿಹಸಿರು ಬೂಷ್ಟಿನಲ್ಲಿ. ಅದರಿಂದ ಬಂದ ವಸ್ತುವೇ ಕಾಂಪ್ಯಾಕ್ಟಿನ್.

ಅದನ್ನು ಇಲಿಗಳಿಗೆ ಕೊಟ್ಟರು. ಕೊಲೆಸ್ಟರಾಲ್ ಒಂದಿಷ್ಟೂ ಇಳಿಯಲಿಲ್ಲ! ಕಂಪನಿಯವರು ಕೈಬಿಡುವವರಿದ್ದರು. ಇಲಿ ಎರಡನೆಯ ಸಲ ದಾರಿ ತಪ್ಪಿಸಿದ್ದು ಹೀಗೆ. 1976ರಲ್ಲಿ ಒಂದು ಸಂಜೆ ಎಂಡೋಗೆ ಬೇರೆ ವಿಭಾಗದ ಸಹೋದ್ಯೋಗಿಯೊಬ್ಬರು ಆಕಸ್ಮಿಕವಾಗಿ ಭೇಟಿಯಾದರು. ಅವರ ಬಳಿ ಪ್ರಯೋಗ ಮುಗಿದ ಮೊಟ್ಟೆಕೋಳಿಗಳಿದ್ದವು. ಮೊಟ್ಟೆಯಲ್ಲಿ ಅಷ್ಟು ಕೊಲೆಸ್ಟರಾಲ್ ಇರಬೇಕಾದರೆ ಕೋಳಿ ಅದನ್ನು ಜೋರಾಗಿ ತಯಾರಿಸುತ್ತಿರಬೇಕಲ್ಲ ಎಂದು ಯೋಚಿಸಿ ಆ ಕೋಳಿಗಳಿಗೇ ಔಷಧಿ ತಿನ್ನಿಸಿದರು. ಕೊಲೆಸ್ಟರಾಲ್ ಅರ್ಧದಷ್ಟು ಇಳಿಯಿತು. 1978ರಲ್ಲಿ ಒಸಾಕಾದ ವೈದ್ಯ ಅಕಿರಾ ಯಮಾಮೊಟೊ ಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟರು. ರೋಗಿ 18 ವರ್ಷದ ಹುಡುಗಿ. ತಂದೆ ತಾಯಿ ಇಬ್ಬರಿಂದಲೂ ದೋಷ ಬಂದವಳು. ಕೊಲೆಸ್ಟರಾಲ್ ಸುಮಾರು 1,000. ಇಳಿಯಿತು, ಆದರೆ ಸ್ನಾಯುಗಳು ಸೋತವು. ಪ್ರಮಾಣ ಕಡಿಮೆ ಮಾಡಬೇಕಾಯಿತು. 1980ರಲ್ಲಿ ನಾಯಿಗಳ ಮೇಲಿನ ಪರೀಕ್ಷೆಯ ಭಯದಿಂದ ಕಂಪನಿ ಕಾಂಪ್ಯಾಕ್ಟಿನ್ ಕೆಲಸವನ್ನೇ ನಿಲ್ಲಿಸಿತು. ಅದರ ಹತ್ತಿರದ ಬಂಧುವಾದ ಲೋವಾಸ್ಟಾಟಿನ್ 1987ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಇಂದು ನಮ್ಮ ಹಿರಿಯರು ರಾತ್ರಿ ಮಲಗುವಾಗ ನುಂಗುವ 'ಸ್ಟಾಟಿನ್' ಎಂದು ಕೊನೆಯಾಗುವ ಹೆಸರಿನ ಮಾತ್ರೆಗಳೆಲ್ಲ ಇದೇ ಸಂತತಿ. ಎಂಡೋ 2024ರ ಜೂನ್‌ನಲ್ಲಿ ತನ್ನ 90ನೇ ವಯಸ್ಸಿನಲ್ಲಿ ತೀರಿಕೊಂಡ.

ಕೊಲೆಸ್ಟರಾಲ್ ಇಳಿಸಿದರೆ ಜೀವ ಉಳಿಯುತ್ತದೆಯೇ ಎಂಬ ವಾದ ಮಾತ್ರ ಮುಂದುವರಿದೇ ಇತ್ತು. ಅದಕ್ಕೆ ಬಲವಾದ ಉತ್ತರ 1994ರಲ್ಲಿ ಸ್ಕ್ಯಾಂಡಿನೇವಿಯಾದಿಂದ ಬಂತು. ಈಗಾಗಲೇ ಹೃದ್ರೋಗವಿದ್ದ 4,444 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ಸಿಂವಾಸ್ಟಾಟಿನ್, ಉಳಿದವರಿಗೆ ಔಷಧಿಯಿಲ್ಲದ ಮಾತ್ರೆ. ಐದು ವರ್ಷಕ್ಕೆ ಸ್ವಲ್ಪ ಹೆಚ್ಚಿನ ಅವಧಿಯಲ್ಲಿ ಬರೀ ಮಾತ್ರೆಯವರಲ್ಲಿ 256 ಮಂದಿ ಸತ್ತರು, ಔಷಧಿಯವರಲ್ಲಿ 182. ಮಾತ್ರೆಯಿಂದ ಮೈಕೈ ನೋವು ಬರುವವರಿದ್ದಾರೆ, ನಿಜ. ಅಂತಹವರು ವೈದ್ಯರಿಗೆ ಹೇಳಿದರೆ ಪ್ರಮಾಣವನ್ನೋ ಔಷಧಿಯನ್ನೋ ಬದಲಿಸುತ್ತಾರೆ. ನೆರೆಮನೆಯವರ ಮಾತು ಕೇಳಿ ತಾವಾಗಿ ನಿಲ್ಲಿಸಿಬಿಡುವವರದೇ ಚಿಂತೆ.

ಈ ಚರಿತ್ರೆಯಲ್ಲಿ ಬೆಂಗಳೂರಿಗೂ ಒಂದು ಪುಟವಿದೆ. ಕೇರಳದ ಕೊಟ್ಟಾರಕ್ಕರದಲ್ಲಿ ಹುಟ್ಟಿ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡ್‌ಗೆ ಹೋದ ಸಲೀಂ ಯೂಸುಫ್, ಕೆನಡಾದಲ್ಲಿದ್ದುಕೊಂಡು 52 ದೇಶಗಳಲ್ಲಿ ಸುಮಾರು 30,000 ಮಂದಿಯ ಅಧ್ಯಯನ ನಡೆಸಿ 2004ರಲ್ಲಿ ಪ್ರಕಟಿಸಿದರು. ಇಂಟರ್‌ಹಾರ್ಟ್ ಎಂದು ಅದರ ಹೆಸರು. ಮೊದಲ ಹೃದಯಾಘಾತದ ಅಪಾಯದಲ್ಲಿ ನೂರಕ್ಕೆ ತೊಂಬತ್ತು ಪಾಲನ್ನು ಒಂಬತ್ತು ಅಂಶಗಳಿಂದಲೇ ವಿವರಿಸಬಹುದು, ಅವುಗಳಲ್ಲಿ ರಕ್ತದ ಕೊಬ್ಬಿನ ಏರುಪೇರು ಮತ್ತು ತಂಬಾಕು ಮುಂಚೂಣಿಯಲ್ಲಿವೆ ಎಂದು ಅದು ತೋರಿಸಿತು. ಬಡ ದೇಶ, ಶ್ರೀಮಂತ ದೇಶ, ಗಂಡು, ಹೆಣ್ಣು ಎಂಬ ಭೇದವಿಲ್ಲದೆ ಎಲ್ಲೆಡೆಯೂ ಇವೇ. ಇದೇ ಅಧ್ಯಯನದ 2007ರ ವರದಿಯ ಪ್ರಕಾರ ನಮ್ಮ ಉಪಖಂಡದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಸುಮಾರು ಆರು ವರ್ಷ ಮೊದಲೇ, ಹೆಚ್ಚುಕಡಿಮೆ 53ಕ್ಕೆ ಬರುತ್ತದೆ.

ಊಟದ ಬಗ್ಗೆ ಒಂದೆರಡು ಮಾತು, ಏಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. 1968ರಲ್ಲಿ ಅಮೆರಿಕದ ಹೃದಯ ಸಂಘ ವಾರಕ್ಕೆ ಮೂರು ಮೊಟ್ಟೆಯ ಹಳದಿ ಸಾಕು ಎಂದಿತ್ತು. ತಿನ್ನುವ ಕೊಲೆಸ್ಟರಾಲಿಗಿಂತ ತಿನ್ನುವ ಕೊಬ್ಬಿನ ಬಗೆಯೇ ಹೆಚ್ಚು ಮುಖ್ಯವೆಂದು ತಿಳಿದ ಮೇಲೆ, 2015ರಲ್ಲಿ ಅಮೆರಿಕ ಸರ್ಕಾರದ ಆಹಾರ ಸೂಚಿಯಿಂದ ದಿನಕ್ಕೆ 300 ಮಿಲಿಗ್ರಾಂ ಎಂಬ ಮಿತಿಯನ್ನು ಕೈಬಿಟ್ಟರು. ತುಪ್ಪ, ಬೆಣ್ಣೆ, ತೆಂಗಿನೆಣ್ಣೆ, ಕೊಬ್ಬಿರುವ ಮಾಂಸ ಇವು ಎಲ್‌ಡಿಎಲ್ಲನ್ನು ಏರಿಸುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ವನಸ್ಪತಿಯ ಟ್ರಾನ್ಸ್ ಕೊಬ್ಬು. ಮದುವೆ ಮನೆಯ ಬಿರಿಯಾನಿಗೂ ಬೇಕರಿಯ ಪಫ್‌ಗೂ ಎಷ್ಟೋ ವರ್ಷ ಅದನ್ನೇ ಸುರಿದೆವು. ಅದು ಎಲ್‌ಡಿಎಲ್ಲನ್ನು ಏರಿಸಿ ಎಚ್‌ಡಿಎಲ್ಲನ್ನು ಇಳಿಸುತ್ತದೆ ಎಂದು 1990ರಲ್ಲೇ ನೆದರ್ಲೆಂಡ್ಸಿನವರು ತೋರಿಸಿದ್ದರೂ, ನಮ್ಮಲ್ಲಿ ಎಣ್ಣೆ ಕೊಬ್ಬುಗಳಲ್ಲಿ ಅದರ ಮಿತಿ ನೂರಕ್ಕೆ 2ಕ್ಕೆ ಇಳಿದದ್ದು 2022ರ ಜನವರಿಯಿಂದ.

ಆದರೆ ಆ "ಆಯುಷ್ಯ ಕಡಿಮೆ"ಯ ಮನೆಗಳಿಗೆ ಪಥ್ಯವೊಂದೇ ಸಾಲದು. ತಂದೆ ತಾಯಿಯಲ್ಲಿ ಒಬ್ಬರಿಂದ ದೋಷ ಪಡೆದವರು ಸುಮಾರು 250ರಲ್ಲಿ ಒಬ್ಬರಿದ್ದಾರೆಂದು ಈಗಿನ ಲೆಕ್ಕ. ಅವರಲ್ಲಿ ಹೆಚ್ಚಿನವರು ತೆಳ್ಳಗೆ, ಗಟ್ಟಿಮುಟ್ಟಾಗಿ ಇರುತ್ತಾರೆ; ಹೊರಗಿನಿಂದ ನೋಡಿ ಹೇಳಲು ಆಗುವುದಿಲ್ಲ. ವಯಸ್ಕರಲ್ಲಿ ಎಲ್‌ಡಿಎಲ್ 190 ದಾಟಿದ್ದರೆ ವೈದ್ಯರು ಈ ದೋಷವನ್ನು ಅನುಮಾನಿಸುತ್ತಾರೆ. ಒಬ್ಬರಲ್ಲಿ ಸಿಕ್ಕಿದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಎಲ್ಲರದ್ದೂ ನೋಡಬೇಕಾಗುತ್ತದೆ; ಪ್ರತಿಯೊಬ್ಬರಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಇಂತಹ ಮಕ್ಕಳಿಗೆ ಎಂಟು ಹತ್ತು ವರ್ಷದಿಂದಲೇ ವೈದ್ಯರು ಸ್ಟಾಟಿನ್ ಆರಂಭಿಸುತ್ತಾರೆ. ಪರೀಕ್ಷೆಗೆ ಬೇಕಾದದ್ದು ತೋಳಿನಿಂದ ಕೆಲವು ಮಿಲಿಲೀಟರ್ ರಕ್ತ. ರಾತ್ರಿಯೆಲ್ಲ ಹಸಿದಿದ್ದು ಹೋಗಬೇಕೆಂಬ ಹಳೆಯ ನಿಯಮವನ್ನೂ 2016ರಲ್ಲಿ ಯುರೋಪಿನ ತಜ್ಞರು ಸಡಿಲಿಸಿದರು. ಟ್ರೈಗ್ಲಿಸರೈಡ್ ಬಹಳ ಹೆಚ್ಚು ಬಂದರೆ ಮಾತ್ರ ಇನ್ನೊಂದು ದಿನ ಹಸಿದ ಹೊಟ್ಟೆಯಲ್ಲಿ ಬರಲು ಹೇಳುತ್ತಾರೆ.